ಹೊಟ್ಟೆಗೆ ಬಣ್ಣ ಹೊಡೆಸಿಕೊಂಡ ಪದ್ಮಿನಿ

ಮೇಷ್ಟ್ರ ಹಳೆಯ ಪ್ರೀಮಿಯರ್ ಪದ್ಮಿನಿ ಕಾರು ಮೂರನೆಯ ಸಲ ನನ್ನ ಗ್ಯಾರೇಜಿಗೆ ಬಂದದ್ದು ಗೂಡ್ಸ್ ಆಟೋದ ಹಿಂದೆ, ಹಗ್ಗ ಕಟ್ಟಿಸಿಕೊಂಡು. ಚಾಮುಂಡಿ ಬೆಟ್ಟದ ಏರಿನಲ್ಲಿ ನಿಂತುಹೋಗಿತ್ತು. ಹಿಂದಿನ ಎರಡು ಸಲವೂ ಹೆಚ್ಚು ಕಡಿಮೆ ಅಲ್ಲಿಯೇ ನಿಂತಿತ್ತು. ಅರ್ಧ ಗಂಟೆ ಕಾದರೆ ತಾನಾಗಿಯೇ ಸ್ಟಾರ್ಟ್ ಆಗುತ್ತಿತ್ತು. ಈ ಸಲ ಕಾಯುವ ತಾಳ್ಮೆಯಿಲ್ಲದೆ ಸ್ಟಾರ್ಟರ್ ತಿರುಗಿಸಿ ತಿರುಗಿಸಿ ಬ್ಯಾಟರಿಯನ್ನೂ ಇಳಿಸಿಕೊಂಡಿದ್ದರು.

ಎರಡು ಸಲವೂ ನಾನು ಮಾಡಿದ್ದು ಒಂದೇ ಕೆಲಸ: ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬ್ಯುರೇಟರ್ ಬಿಚ್ಚಿದ್ದು. ಜೆಟ್‌ಗಳಿಗೆ ಗಾಳಿ ಹೊಡೆದೆ, ನೀಡಲ್ ವಾಲ್ವ್ ಮತ್ತು ಪ್ಯಾಕಿಂಗ್ ಹೊಸದು ಹಾಕಿದೆ. ಅದರ ಬೌಲ್‌ನಲ್ಲಿ, ಅಂದರೆ ಪೆಟ್ರೋಲು ನಿಲ್ಲುವ ಬಟ್ಟಲಿನಲ್ಲಿ, ತೇಲುತ್ತ ಮಟ್ಟ ಕಾಯುವ ಫ್ಲೋಟನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ, ಒಳಗೆ ಪೆಟ್ರೋಲು ಕುಲುಕುವ ಸದ್ದಿರಲಿಲ್ಲ. ಬಿಸಿನೀರಿನಲ್ಲಿ ಮುಳುಗಿಸಿದೆ, ಗುಳ್ಳೆಯೂ ಏಳಲಿಲ್ಲ. (ಫ್ಲೋಟ್ ತೂತಾದರೆ ಪೆಟ್ರೋಲು ಉಕ್ಕಿ ಹರಿಯುತ್ತದೆಯೇ ಹೊರತು ಕಡಿಮೆ ಬೀಳುವುದಿಲ್ಲ. ಗೊತ್ತಿದ್ದೂ ನೋಡಿದೆ. ಬಿಚ್ಚಿದ ಮೇಲೆ ಏನಾದರೂ ನೋಡಬೇಕಲ್ಲ.) ರಿಂಗ್ ರಸ್ತೆಯಲ್ಲಿ ಒಂದು ಸುತ್ತು ಓಡಿಸಿದರೆ ಗಾಡಿ ಚಿನ್ನದಂತೆ ಓಡಿತು. ದುಡ್ಡು ಎಣಿಸಿಕೊಂಡೆ.

ಮೇಷ್ಟ್ರಿಗೆ ಮಾತ್ರ ಪೆಟ್ರೋಲಿನ ಮೇಲೆಯೇ ಅನುಮಾನ. "ಟ್ಯಾಂಕ್ ತುಂಬಿಸಿದ ದಿನವೇ ಕೈಕೊಡುತ್ತದೆ. ಅರ್ಧಕ್ಕಿಂತ ಕಡಿಮೆ ಇದ್ದರೆ ಏನೂ ಆಗುವುದಿಲ್ಲ. ಈಗ ಎಥನಾಲ್ ಬೆರೆಸುತ್ತಾರಲ್ಲ, ಅದರದ್ದೇ ಕಿತಾಪತಿ" ಎಂದರು. ಎಥನಾಲ್ ಹಳೆಯ ಗಾಡಿಗೆ ಒಗ್ಗುವುದಿಲ್ಲ ಎನ್ನುವುದು ಸುಳ್ಳಲ್ಲ. ಶೇಕಡಾ 20ರ ಮಿಶ್ರಣ ಬಂದ ಮೇಲೆ ಹಳೆಯ ರಬ್ಬರ್ ಪೈಪುಗಳು ಒಳಗೊಳಗೇ ಊದಿಕೊಂಡಿರುವುದನ್ನು, ಫ್ಲೋಟ್ ಬೌಲ್‌ನ ತಳದಲ್ಲಿ ಸುಣ್ಣದಂಥ ಬಿಳಿ ಪುಡಿ ಕೂತಿರುವುದನ್ನು ನಾನೂ ಕಂಡಿದ್ದೇನೆ. ಆದ್ದರಿಂದ ಪೈಪುಗಳನ್ನು ಎರಡನೆಯ ಸಲವೇ ಬದಲಾಯಿಸಿದ್ದೆ. ಆದರೆ ತುಂಬಿದ ಟ್ಯಾಂಕಿಗೂ ಕಾಯಿಲೆಗೂ ಏನು ಸಂಬಂಧ? ಅದೇ ಬಂಕಿನ ಅದೇ ಪೆಟ್ರೋಲು ಅರ್ಧ ಟ್ಯಾಂಕಿಗೆ ಇಳಿದಾಗ ಒಳ್ಳೆಯದಾಗುತ್ತದೆಯೇ?

ಈ ಸಲ ಬಿಚ್ಚಲಿಲ್ಲ. ಬ್ಯಾಟರಿ ಚಾರ್ಜ್ ಮಾಡಿ, ಟ್ಯಾಂಕ್ ಕತ್ತಿನವರೆಗೆ ತುಂಬಿಸಿ, ಮೇಷ್ಟ್ರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೆಟ್ಟದ ಕಡೆ ಹೊರಟೆ. ಏರು ಶುರುವಾದ ಸ್ವಲ್ಪ ಹೊತ್ತಿಗೆ ಎಂಜಿನ್ ಮುಗ್ಗರಿಸತೊಡಗಿತು. ಗಾಳಿ ತಗ್ಗಿಸಿ ಪೆಟ್ರೋಲಿನ ಪಾಲು ಹೆಚ್ಚಿಸುವ ಚೋಕ್ ಎಳೆದೆ, ನೂರು ಗಜ ಜೀವ ಬಂತು, ಆಮೇಲೆ ನಿಂತಿತು. ಕಿಡಿ ಹೊತ್ತಿಸುವ ಕಾಯಿಲ್ ಅಥವಾ ಕಂಡೆನ್ಸರ್ ಕೆಟ್ಟಿದ್ದರೆ ಹೀಗೆ ಚೋಕಿಗೆ ಮರ್ಯಾದೆ ಕೊಡುವುದಿಲ್ಲ. ಏರ್ ಕ್ಲೀನರ್ ತೆಗೆದು, ಆಕ್ಸಿಲರೇಟರ್ ಲಿಂಕನ್ನು ಕೈಯಲ್ಲಿ ಎಳೆದು ಕಾರ್ಬ್ಯುರೇಟರ್ ಗಂಟಲಿನೊಳಗೆ ಇಣುಕಿದೆ. ಪೆಟ್ರೋಲು ಪಿಚಕಾರಿಯಂತೆ ಸಣ್ಣಗೆ ಚಿಮ್ಮಬೇಕು. ಒಂದು ಹನಿಯೂ ಇಲ್ಲ. ಬೌಲ್ ಬರಿದಾಗಿತ್ತು. ನಾನು ಎರಡು ಸಲ ತೊಳೆದ ಕಾರ್ಬ್ಯುರೇಟರ್‌ಗೆ ಕುಡಿಯಲು ಏನೂ ಸಿಕ್ಕಿರಲಿಲ್ಲ, ಅಷ್ಟೇ.

ಹಿಂದಕ್ಕೆ ಹೋಗಿ ಟ್ಯಾಂಕಿನ ಮುಚ್ಚಳ ತಿರುಗಿಸಿದೆ. "ಉಸ್ಸ್" ಎಂದು ಗಾಳಿ ಒಳಕ್ಕೆ ಎಳೆದುಕೊಂಡಿತು, ನೀರಿನಲ್ಲಿ ಮುಳುಗಿ ಎದ್ದವನು ಉಸಿರೆಳೆದುಕೊಂಡ ಹಾಗೆ. ಸ್ವಲ್ಪ ಹೊತ್ತು ಸ್ಟಾರ್ಟರ್ ತಿರುಗಿಸಿದ್ದೇ ತಡ, ಎಂಜಿನ್ ಎದ್ದಿತು.

ಟ್ಯಾಂಕಿನಿಂದ ಪೆಟ್ರೋಲು ಹೊರಟಷ್ಟೂ ಗಾಳಿ ಒಳಗೆ ಬರಬೇಕು. ಬರದಿದ್ದರೆ ಒಳಗೆ ನಿರ್ವಾತ ಬೆಳೆದು, ಪೆಟ್ರೋಲನ್ನು ಎಂಜಿನ್ ಕಡೆಗೆ ಎಳೆಯುವ ಪಂಪಿನೊಂದಿಗೆ ಹಗ್ಗಜಗ್ಗಾಟಕ್ಕೆ ನಿಲ್ಲುತ್ತದೆ. ಒತ್ತಡ ಇಳಿದ ಪೆಟ್ರೋಲು ಬಿಸಿ ಪೈಪಿನಲ್ಲಿ ಬೇಗ ಆವಿಯೂ ಆಗುತ್ತದೆ. ತುಂಬಿದ ಟ್ಯಾಂಕಿನಲ್ಲಿ ಎರಡೇ ಲೀಟರ್ ಗಾಳಿ ಇದ್ದರೆ, ಅರ್ಧ ಲೀಟರ್ ಪೆಟ್ರೋಲು ಖರ್ಚಾಗುವುದರೊಳಗೆ ಒತ್ತಡ ಐದರಲ್ಲಿ ಒಂದು ಪಾಲು ಕುಸಿಯುತ್ತದೆ. ಅರ್ಧ ಖಾಲಿ ಟ್ಯಾಂಕಿನಲ್ಲಿ ಅದೇ ಅರ್ಧ ಲೀಟರ್ ಲೆಕ್ಕಕ್ಕೇ ಇಲ್ಲ. ಮೇಷ್ಟ್ರು ಹೇಳಿದ ಲಕ್ಷಣ ಅಕ್ಷರಶಃ ಸರಿ, ಕೊಟ್ಟ ಕಾರಣ ಮಾತ್ರ ತಪ್ಪು. ನನ್ನ ಕೆಲಸ "ಫಲಿಸಿದ್ದು" ಏಕೆಂದೂ ಆಗ ಹೊಳೆಯಿತು. ಓಡಿಸಿ ನೋಡುವ ಮುನ್ನ ಪ್ರತಿ ಸಲವೂ ಗ್ಯಾರೇಜಿನ ಹುಡುಗ ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ಪೆಟ್ರೋಲು ಎಷ್ಟಿದೆ ಎಂದು ನೋಡುತ್ತಿದ್ದ.

ಗ್ಯಾರೇಜಿಗೆ ಬಂದು ಗಾಡಿಯನ್ನು ಜಾಕಿನ ಮೇಲೆತ್ತಿ ಕೆಳಗೆ ಮಲಗಿದೆ. ಟ್ಯಾಂಕಿಗೆ ಗಾಳಿಯಾಡುವ ಸಣ್ಣ ಕೊಳವೆಯ ಬಾಯಿಗೆ ಇಂಗಿನ ಉಂಡೆಯಂತೆ ಕಪ್ಪು ಮುದ್ದೆ ಮೆತ್ತಿಕೊಂಡಿತ್ತು. ತುಕ್ಕು ಹಿಡಿಯದಿರಲಿ ಎಂದು ಗಾಡಿಯ ತಳಕ್ಕೆಲ್ಲ ಹೊಡೆಯುವ ಬಣ್ಣ. ತಂತಿಯಿಂದ ಚುಚ್ಚಿ ತೆಗೆಯಲು ಎರಡು ನಿಮಿಷ ಹಿಡಿಯಿತು.

ಇದರಲ್ಲಿ ನನಗೆ ಚುಚ್ಚಿದ್ದು ಬೇರೆ. ಮೊದಲ ದಿನ ಕೀಲಿಕೈ ಕೊಡುವಾಗಲೇ ಮೇಷ್ಟ್ರು, "ಹೋದ ತಿಂಗಳು ಹೊಟ್ಟೆಗೆಲ್ಲ ಕಪ್ಪು ಬಣ್ಣ ಹೊಡೆಸಿದೆ, ಬಗ್ಗಿ ನೋಡಿ" ಎಂದು ಹೆಮ್ಮೆಯಿಂದ ಹೇಳಿದ್ದರು. ನಾನು ಬಗ್ಗಲಿಲ್ಲ. ಹೂಂ ಎನ್ನುತ್ತಾ ಬಾನೆಟ್ ಎತ್ತಿದ್ದೆ. ಈಗ ಗಾಡಿ ಬಂದರೆ ಸ್ಪ್ಯಾನರ್ ಮುಟ್ಟುವ ಮೊದಲು ಎರಡು ಪ್ರಶ್ನೆ ಕೇಳಿ ಉತ್ತರವನ್ನು ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ: ಕೊನೆಯ ಸಲ ಸರಿಯಾಗಿ ಓಡಿದ್ದು ಯಾವಾಗ, ಅಲ್ಲಿಂದೀಚೆಗೆ ಗಾಡಿಗೆ ಏನೇನು ಮಾಡಿಸಿದಿರಿ. ಬಣ್ಣ, ಸೀಟ್ ಕವರ್, ಹಾರನ್ ಯಾವುದನ್ನೂ ಬಿಡುವುದಿಲ್ಲ.

ಎರಡು ಸಲದ ಮಜೂರಿಯನ್ನು ವಾಪಸ್ ಕೊಟ್ಟೆ. ಬೇಡ ಎನ್ನುತ್ತಾರೇನೋ ಎಂದುಕೊಂಡಿದ್ದೆ. ಮೇಷ್ಟ್ರು ಕನ್ನಡಕ ಏರಿಸಿಕೊಂಡು ಎರಡು ಸಲ ಎಣಿಸಿ ಜೇಬಿಗಿಟ್ಟರು. ಹೊರಡುವಾಗ ಕಿಟಕಿ ಇಳಿಸಿ ಕೇಳಿದರು: "ಬಣ್ಣ ಮಾತ್ರ ಚೆನ್ನಾಗಿ ಹೊಡೆದಿದ್ದಾರೆ, ಅಲ್ಲವೇ?"