ದೊಡ್ಡಪ್ಪನ ಉಕ್ತಲೇಖನ

ಪಾರ್ಶ್ವವಾಯು ಬಡಿದ ಮೇಲೆ ದೊಡ್ಡಪ್ಪನ ಬಲಗೈ ಸ್ವಾಧೀನಕ್ಕೆ ಬರಲೇ ಇಲ್ಲ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ ಕನ್ನಡ ಮಾಷ್ಟ್ರಾಗಿದ್ದವರು. ಅರ್ಜಿ ನಮೂನೆಗಳು ಕನ್ನಡದಲ್ಲೂ ಸಿಗಬೇಕೆಂದು ಕಲೆಕ್ಟರಿಗೆ ಮನವಿ ಬರೆಯುವ ಹಟ ಮಾತ್ರ ಹಾಗೆಯೇ ಇದೆ. ಒಂದು ಭಾನುವಾರ ಲ್ಯಾಪ್‌ಟಾಪ್ ಹಿಡಿದು ಹೋದೆ.

ಮೈಕ್ ಸರಿಮಾಡುತ್ತ, ಮಾತು ಕೇಳಿ ಬರೆದುಕೊಳ್ಳುವ ತಂತ್ರಾಂಶಗಳ ಕಥೆ ಹೇಳಿದೆ. 1990ರಲ್ಲಿ ಬಂದ ಡ್ರ್ಯಾಗನ್ ಡಿಕ್ಟೇಟಿಗೆ ಪ್ರತಿ ಪದದ ನಡುವೆ ತಡೆದು ತಡೆದು ಹೇಳಬೇಕಿತ್ತು. "ಒಂದನೇ ಕ್ಲಾಸಿನ ಮಕ್ಕಳಿಗೆ ಉಕ್ತಲೇಖನ ಕೊಟ್ಟ ಹಾಗೆ" ಎಂದರು ದೊಡ್ಡಪ್ಪ. 1997ರ ಡ್ರ್ಯಾಗನ್ ನ್ಯಾಚುರಲಿ ಸ್ಪೀಕಿಂಗ್ ಓತಪ್ರೋತ ಮಾತನ್ನೂ ಹಿಡಿಯಿತು. 2007ರಲ್ಲಿ ವಿಂಡೋಸ್ ವಿಸ್ತಾದೊಳಗೇ ಧ್ವನಿ ಆಜ್ಞೆಯ ಸೌಲಭ್ಯ ಸೇರಿತು. ಬರಿಯ ಮಾತಿನಿಂದಲೇ ಕಂಪ್ಯೂಟರ್ ನಡೆಸಲು 2019ರಲ್ಲಿ ಮ್ಯಾಕ್‌ಗೆ ವಾಯ್ಸ್ ಕಂಟ್ರೋಲ್, 2022ರಲ್ಲಿ ವಿಂಡೋಸ್ 11ಕ್ಕೆ ವಾಯ್ಸ್ ಆಕ್ಸೆಸ್ ಬಂದವು. ಗೂಗಲ್ ತನ್ನ ಧ್ವನಿ ಬರವಣಿಗೆಗೆ ಕನ್ನಡವನ್ನು ಸೇರಿಸಿದ್ದು 2017ರಲ್ಲಿ.

"ಮಾನ್ಯ ಜಿಲ್ಲಾಧಿಕಾರಿಗಳಿಗೆ" ಎಂದರು. ತೆರೆಯ ಮೇಲೆ ತಪ್ಪಿಲ್ಲದೆ ಮೂಡಿತು. ಅವರ ಮುಖ ನೋಡಬೇಕಿತ್ತು! ಆದರೆ ಹಳೆಯ ಅಭ್ಯಾಸದಿಂದ ವಾಕ್ಯದ ಕೊನೆಗೆ "ಪೂರ್ಣವಿರಾಮ" ಎಂದಾಗ ಚುಕ್ಕೆ ಬೀಳಲಿಲ್ಲ, ಪೂರ್ಣವಿರಾಮ ಎಂಬ ಪದವೇ ಬಂತು. "ಹೊಸ ಸಾಲು" ಎಂದರೂ ಅದೇ ಗತಿ. ಊರ ಹೆಸರುಗಳಲ್ಲಿ ಕುಂಬಳೆ ಸರಿಯಾಗಿ ಬಂತು, ಏತಡ್ಕ ಬೇರೇನೋ ಆಯಿತು.

ನನಗೆ ಸಂಕಟವಾಗುವುದು ಇಲ್ಲಿಯೇ. ಕಂಪ್ಯೂಟರ್ ನಮ್ಮ ಮಾತನ್ನು ಬರೆದುಕೊಳ್ಳುತ್ತದೆ, ಕನ್ನಡದಲ್ಲಿ ಕೊಟ್ಟ ಅಪ್ಪಣೆಯನ್ನು ಪಾಲಿಸುವುದಿಲ್ಲ. ಕಡತ ತೆರೆಯಲು, ಉಳಿಸಲು ಇಂಗ್ಲಿಷಿಗೇ ಹೋಗಬೇಕಾಯಿತು. "ಷೋ ನಂಬರ್ಸ್" ಎಂದರೆ ಒಂದೊಂದು ಗುಂಡಿಯ ಮೇಲೂ ಅಂಕಿ ಕಾಣಿಸುತ್ತದೆ. ಬೇಕಾದ ಅಂಕಿ ಹೇಳಿದರೆ ಅದು ಒತ್ತಿದಂತಾಗುತ್ತದೆ. ಎಷ್ಟು ಚೆಂದದ ಉಪಾಯ! ದೊಡ್ಡಪ್ಪನಿಗೆ ಅಷ್ಟು ಇಂಗ್ಲಿಷ್ ಬರುತ್ತದೆ, ಬೇಗ ಹಿಡಿದರು. ಅದೇ ರೀತಿ ಕೈ ಸೋತ, ಕನ್ನಡ ಬಿಟ್ಟರೆ ಬೇರೆ ಅರಿಯದ ಮನುಷ್ಯ ಏನು ಮಾಡಬೇಕು? ಕೈಲಾಗದವರಿಗೆ ಬರೆಸುವುದಕ್ಕಿಂತ ಮೊದಲು ಬೇಕಾದದ್ದು ಆಜ್ಞೆ ಕೊಡುವ ಸೌಕರ್ಯ.

ಚುಕ್ಕೆ, ಅಲ್ಪವಿರಾಮಗಳನ್ನು ನಾನು ಹಾಕಿದೆ. ಮಧ್ಯಾಹ್ನದ ಊಟಕ್ಕೆ ಮುಂಚೆ ಎರಡು ಪುಟದ ಮನವಿ ಸಿದ್ಧವಾಯಿತು. ಊಟ ಮುಗಿಸಿ ಬಂದವರು ಇನ್ನೊಂದನ್ನು ಹೇಳತೊಡಗಿದರು: ತೆರೆ, ಮುಚ್ಚು, ಉಳಿಸು, ಅಳಿಸು, ಮೇಲೆ ಹೋಗು, ಹಿಂದಿನದನ್ನು ತೋರಿಸು. ಕಂಪ್ಯೂಟರಿಗೆ ಕಲಿಸಬೇಕಾದ ಕನ್ನಡ ಆಜ್ಞೆಗಳ ಪಟ್ಟಿಯಂತೆ. ಯಾರಿಗೆ ಕಳುಹಿಸಬೇಕೆಂದು ಕೇಳಿದರು. ತಂತ್ರಾಂಶದ ತಯಾರಕರು ಬಳಕೆದಾರರ ಸಲಹೆಗೆಂದು ಇಟ್ಟ ಪುಟಕ್ಕೆ ಅಂದೇ ಸಂಜೆ ಕಳುಹಿಸಿದ್ದೇನೆ, ಕನ್ನಡದಲ್ಲಿಯೇ.