ಈಸ್‌ಫೈನೈಟ್ ಹೌದು ಅಂದಿತು, ಆದರೆ ಅಲ್ಲಿ ಸಂಖ್ಯೆಯೇ ಇರಲಿಲ್ಲ

ಎರಡು ದಿನ ಒಂದೇ ಬಗ್ ಹಿಂದೆ ಬಿದ್ದಿದ್ದೆ. ಸರ್ವರ್ ಸರಾಸರಿ ಎಷ್ಟು ಹೊತ್ತಿಗೆ ಉತ್ತರ ಕೊಡುತ್ತದೆ ಅಂತ ತೋರಿಸುವ ಗ್ರಾಫ್ ಅದು. ರಾತ್ರಿ ಹೊತ್ತು ಮಾತ್ರ ಅಲ್ಲಲ್ಲಿ ಗೆರೆ ಸೀದಾ ಸೊನ್ನೆಗೆ ಬೀಳುತ್ತಿತ್ತು. ಸೊನ್ನೆ ಮಿಲಿಸೆಕೆಂಡಿನಲ್ಲಿ ಉತ್ತರ ಕೊಡುವ ಸರ್ವರ್ ಇರಲು ಸಾಧ್ಯವಿಲ್ಲ, ಅಲ್ವಾ? ಗ್ರಾಫ್ ಬಿಡಿಸುವ ಮೊದಲು ಈಸ್‌ಫೈನೈಟ್ ಚೆಕ್ (ಕೊಟ್ಟದ್ದು ಫೈನೈಟ್, ಅಂದರೆ ಮಿತಿಯುಳ್ಳ ಸಂಖ್ಯೆಯೇ ಅಂತ ನೋಡುವ ಜಾವಾಸ್ಕ್ರಿಪ್ಟ್ ಫಂಕ್ಷನ್) ಇತ್ತು, ನಾನೇ ಹಾಕಿದ್ದು, ಹಾಗಾಗಿ ಆ ಸಾಲಿನ ಮೇಲೆ ನನಗೆ ಅನುಮಾನವೇ ಬರಲಿಲ್ಲ.

ಆಗಿದ್ದು ಇಷ್ಟು. ರಾತ್ರಿ ಕೆಲವು ನಿಮಿಷ ಒಂದೂ ರಿಕ್ವೆಸ್ಟ್ ಬರುತ್ತಿರಲಿಲ್ಲ. ಮೊತ್ತ 0, ಎಣಿಕೆಯೂ 0. ಜಾವಾಸ್ಕ್ರಿಪ್ಟ್‌ನಲ್ಲಿ 0 ಅನ್ನು 0ಯಿಂದ ಭಾಗಿಸಿದರೆ ಎರರ್ ಬರುವುದಿಲ್ಲ, ಸುಮ್ನೆ ನ್ಯಾನ್, ಅಂದರೆ ‘ಸಂಖ್ಯೆ ಅಲ್ಲ’ ಅನ್ನುವ ಗುರುತು, ಬರುತ್ತದೆ. ಆ ನ್ಯಾನ್ ಜೇಸನ್ (ಡೇಟಾ ಕಳಿಸಲು ಬಳಸುವ ಪಠ್ಯರೂಪ) ಆಗಿ ಬ್ರೌಸರ್ ಕಡೆಗೆ ಹೊರಟಿತು. ಜೇಸನ್‌ನಲ್ಲಿ ನ್ಯಾನ್‌ಗೂ ಇನ್ಫಿನಿಟಿಗೂ ಜಾಗ ಇಲ್ಲ, ಅದಕ್ಕೇ ಜೇಸನ್ ಬರೆದುಕೊಡುವ ಸ್ಟ್ರಿಂಗಿಫೈ ಫಂಕ್ಷನ್ ಎರಡನ್ನೂ ಸದ್ದಿಲ್ಲದೆ ನಲ್ (ಏನೂ ಇಲ್ಲ ಅನ್ನುವ ಗುರುತು) ಮಾಡಿಬಿಡುತ್ತದೆ. ಈ ಕಡೆ ನನ್ನ ಚೆಕ್‌ಗೆ ಸಿಕ್ಕಿದ್ದು ಆ ನಲ್. ಹಳೆಯ ಈಸ್‌ಫೈನೈಟ್ ಕೈಗೆ ಬಂದದ್ದನ್ನು ಮೊದಲು ಸಂಖ್ಯೆಯಾಗಿ ಬದಲಾಯಿಸಿಕೊಂಡು ಆಮೇಲೆ ಪರೀಕ್ಷೆ ಮಾಡುತ್ತದೆ. ನಲ್ ಸಂಖ್ಯೆಯಾದರೆ 0, 0 ಫೈನೈಟ್, ಸರಿ ಅಂತ ಒಳಗೆ ಬಿಟ್ಟಿತು. ಮುಂದೆ ಸ್ಕೇಲ್‌ನಿಂದ ಗುಣಿಸುವಾಗ ಅದು ನಿಜವಾಗಿಯೂ 0 ಆಯಿತು.

ಖಾಲಿ ಸ್ಟ್ರಿಂಗ್, ಖಾಲಿ ಅರೇ, ಟ್ರೂ ಕೊಟ್ಟರೂ ಇದೇ ಉತ್ತರ. ಆದರೆ ಅನ್‌ಡಿಫೈನ್ಡ್ (ಇನ್ನೂ ಬೆಲೆಯನ್ನೇ ಕೊಡದ್ದು) ಕೊಟ್ಟರೆ ಇಲ್ಲ ಅನ್ನುತ್ತದೆ. ಜಾವಾಸ್ಕ್ರಿಪ್ಟ್‌ನ 2015ರ ಆವೃತ್ತಿಯಲ್ಲಿ ಬಂದ ನಂಬರ್.ಈಸ್‌ಫೈನೈಟ್ ಏನನ್ನೂ ಬದಲಾಯಿಸುವುದಿಲ್ಲ. ನಂಬರ್ ಅಲ್ಲದಿದ್ದರೆ ನೇರವಾಗಿ ಫಾಲ್ಸ್. ಫಾರ್ಮಿನಿಂದ ಬರುವ "42" ಕೂಡ ಅದಕ್ಕೆ ಫಾಲ್ಸ್ ಅಂತ ಕೆಲವರು ಹಳೆಯದನ್ನೇ ಬಳಸುತ್ತಾರೆ, ನನಗೆ ಅದು ಒಪ್ಪಿಗೆ ಇಲ್ಲ. ಬದಲಾಯಿಸುವುದು ಒಂದು ಕೆಲಸ, ಪರೀಕ್ಷಿಸುವುದು ಇನ್ನೊಂದು.

ಒಳಗೆ ಈ ಪರೀಕ್ಷೆ ಬಹಳ ಸರಳ. ಕಂಪ್ಯೂಟರ್ ಸಂಖ್ಯೆಗಳನ್ನು ಹೇಗೆ ಇಟ್ಟುಕೊಳ್ಳಬೇಕು ಅಂತ ಹೇಳುವ ಐಇಇಇ 754 ಮಾನದಂಡದ ಪ್ರಕಾರ ಒಂದು ಸಂಖ್ಯೆಯ 64 ಬಿಟ್‌ಗಳಲ್ಲಿ 1 ಚಿಹ್ನೆಗೆ, 11 ಎಕ್ಸ್‌ಪೊನೆಂಟ್‌ಗೆ (ಘಾತಕ್ಕೆ), 52 ಉಳಿದ ಭಾಗಕ್ಕೆ. ಆ 11 ಬಿಟ್‌ಗಳೂ 1 ಆಗಿದ್ದರೆ ಅದು ಫೈನೈಟ್ ಅಲ್ಲ. ಆಗ 52 ಬಿಟ್‌ಗಳೂ 0 ಇದ್ದರೆ ಇನ್ಫಿನಿಟಿ, ಒಂದಾದರೂ 1 ಇದ್ದರೆ ನ್ಯಾನ್. ಸಂಖ್ಯೆಯಿಂದ ಅದೇ ಸಂಖ್ಯೆ ಕಳೆದು 0 ಬಂತಾ ಅಂತ ನೋಡುವ ಹಳೆಯ ಉಪಾಯವೂ ಇದೆ, ಇನ್ಫಿನಿಟಿಯಿಂದ ಇನ್ಫಿನಿಟಿ ಕಳೆದರೆ ಸಿಗುವುದು ನ್ಯಾನ್, 0 ಅಲ್ಲ. ಸಿ ಭಾಷೆಯಲ್ಲಿ ಲೆಕ್ಕ ವೇಗವಾಗಿಸುವ ಫಾಸ್ಟ್-ಮ್ಯಾತ್ ಆಯ್ಕೆ ಹಾಕಿ ಕಂಪೈಲ್ ಮಾಡುವವರು ಜಾಸ್ತಿ ಎಚ್ಚರ ಇರಬೇಕು: ನ್ಯಾನ್, ಇನ್ಫಿನಿಟಿ ಬರುವುದೇ ಇಲ್ಲ ಅಂತ ಕಂಪೈಲರ್ ನಂಬಿಕೊಂಡು ನಿಮ್ಮ ಚೆಕ್ ಅನ್ನೇ ತೆಗೆದುಹಾಕಬಹುದು.

ಪೈಥಾನ್‌ನಲ್ಲಿ 0ಯಿಂದ ಭಾಗಿಸಿದರೆ ಅಲ್ಲೇ ಎರರ್, ಅದು ಒಳ್ಳೆಯದು. ಆದರೆ ಅದರ ಜೇಸನ್ ಲೈಬ್ರರಿ ನ್ಯಾನ್ ಅನ್ನು ಹಾಗೇ ಬರೆದು ಕಳಿಸುತ್ತದೆ, ಬ್ರೌಸರ್ ಅದನ್ನು ಓದಲಾರದೆ ಎರರ್ ಕೊಡುತ್ತದೆ. ಆ ಲೈಬ್ರರಿಯ ಅಲೌ_ನ್ಯಾನ್ ಆಯ್ಕೆಯನ್ನು ಫಾಲ್ಸ್ ಮಾಡಿದರೆ ಕಳಿಸುವ ಕಡೆಯೇ ತಪ್ಪು ಸಿಕ್ಕಿಬೀಳುತ್ತದೆ.

ನಾನು ಚೆಕ್ ಬದಲಿಸಿದ್ದಷ್ಟೇ ಅಲ್ಲ, ಅದರ ಜಾಗವನ್ನೂ ಬದಲಿಸಿದೆ. ಈಗ ಭಾಗಿಸುವ ಮೊದಲೇ ಎಣಿಕೆ 0 ಇದೆಯಾ ಅಂತ ಸರ್ವರ್ ನೋಡುತ್ತದೆ, ಇದ್ದರೆ ಆ ನಿಮಿಷಕ್ಕೆ ಸರಾಸರಿಯನ್ನೇ ಕಳಿಸುವುದಿಲ್ಲ. ರಾತ್ರಿಯ ಆ ನಿಮಿಷಗಳಲ್ಲಿ ಗೆರೆ ಕಡಿದುಹೋಗಿ ಜಾಗ ಖಾಲಿ ಕಾಣುತ್ತದೆ.