ಮಿರರ್‌ಲೆಸ್ಸೋ, ಸೂಪರ್‌ಜೂಮೋ? ಕರಡಿ ಎಷ್ಟು ದೂರ ಇದೆ ಅಂತ ಮೊದಲು ಹೇಳಿ

ಹೋದ ಫೆಬ್ರವರಿಯ ಒಂದು ಸಂಜೆ. ದರೋಜಿ ಕರಡಿಧಾಮದ ವೀಕ್ಷಣಾ ಗೋಪುರದ ಮೇಲೆ ನಿಂತಿದ್ದೆ. ಎದುರಿನ ಗುಡ್ಡದ ಬಂಡೆಗೆ ಬಳಿದ ಬೆಲ್ಲದ ಪಾಕ ನೆಕ್ಕಲು ಕರಡಿಯೊಂದು ಇಳಿದು ಬಂತು. ಪಕ್ಕದಲ್ಲಿ ಸಿರುಗುಪ್ಪದ ಹುಡುಗನೊಬ್ಬ ಮೊಬೈಲ್ ಚಾಚಿ ನಿಂತಿದ್ದ. ಅವನ ಪರದೆಯಲ್ಲಿ ಕರಡಿ ಒಂದು ಸಾಸಿವೆ ಕಾಳು. ಬೆನ್ನ ಮೇಲೆ ಮರಿ ಇದೆಯೋ ಇಲ್ಲವೋ ಅಂತ ಗೋಪುರದಲ್ಲಿದ್ದವರೆಲ್ಲ ಪಿಸುಮಾತಿನಲ್ಲೇ ವಾದ ಮಾಡುತ್ತಿದ್ದರು. ನನ್ನ ಕೈಯಲ್ಲಿದ್ದ ಕ್ಯಾಮೆರಾ ನೋಡಿ ಅವನು ಕೇಳಿದ:

"ಸರ, ಒಂದ್ ಲಕ್ಷದೊಳಗ ಒಂದ್ ಕ್ಯಾಮೆರಾ ತಗೋಬೇಕ್ರಿ. ಮಿರರ್‌ಲೆಸ್ ಛಲೋನೋ, ಸೂಪರ್‌ಜೂಮ್ ಛಲೋನೋ?"

ಗಂಗಾವತಿಯಲ್ಲಿ ಮೇಷ್ಟ್ರಾಗಿದ್ದುಕೊಂಡು, ರಜೆ ಸಿಕ್ಕಾಗೆಲ್ಲ ತುಂಗಭದ್ರೆಯ ದಂಡೆ ಸುತ್ತುವ ನನಗೆ ಈ ಪ್ರಶ್ನೆ ತಿಂಗಳಿಗೆ ನಾಲ್ಕು ಸಲವಾದರೂ ಬರುತ್ತದೆ. ಅವನಿಗೆ ಅಲ್ಲಿ ಪೂರ್ತಿ ಉತ್ತರ ಕೊಡಲು ಆಗಲಿಲ್ಲ. ಕರಡಿ ಎದುರಿಗಿರುವಾಗ ಮಾತಾಡಬಾರದು. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಎರಡರ ಪರಿಚಯ. ಹಳೆಯ ಎಸ್‌ಎಲ್‌ಆರ್ ಕ್ಯಾಮೆರಾದೊಳಗೆ ಒಂದು ಕನ್ನಡಿ ಇರುತ್ತಿತ್ತು. ಅದನ್ನು ತೆಗೆದು, ಸೆನ್ಸರ್ (ಬೆಳಕನ್ನು ಚಿತ್ರವಾಗಿಸುವ ಚಿಪ್) ಕಂಡದ್ದನ್ನೇ ನೇರವಾಗಿ ತೋರಿಸುವುದು ಮಿರರ್‌ಲೆಸ್. 2008ರಲ್ಲಿ ಪ್ಯಾನಾಸೋನಿಕ್ ಜಿ1 ಜೊತೆ ಈ ಜಾತಿ ಶುರುವಾಯಿತು. ಇದರ ಲೆನ್ಸ್ ಬಿಚ್ಚಿ ಬೇರೆ ಹಾಕಬಹುದು. ಸೂಪರ್‌ಜೂಮ್‌ಗೆ ಬ್ರಿಜ್ ಕ್ಯಾಮೆರಾ ಅಂತಲೂ ಅನ್ನುತ್ತಾರೆ. ಅದರ ಲೆನ್ಸ್ ಬಿಚ್ಚಲು ಬರುವುದಿಲ್ಲ. ಆದರೆ ಆ ಒಂದೇ ಲೆನ್ಸ್ ಗುಡಿಯ ಇಡೀ ಅಂಗಳದಿಂದ ಹಿಡಿದು ಚಂದ್ರನ ಕುಳಿಗಳವರೆಗೆ ಹೋಗುತ್ತದೆ. ನಿಕಾನ್ ಪಿ900, ಪಿ950 ಎರಡೂ 83 ಪಟ್ಟು ಜೂಮಿನವು, 24ರಿಂದ 2000 ಎಂಎಂ (ಈ ಅಂಕಿ ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ). 2018ರಲ್ಲಿ ಬಂದ ಪಿ1000ರದ್ದು 125 ಪಟ್ಟು, 3000 ಎಂಎಂ. ಹುಣ್ಣಿಮೆಯ ಚಂದ್ರ ಅದರ ಚೌಕಟ್ಟನ್ನು ಮೇಲಿನ ಅಂಚಿನಿಂದ ಕೆಳಗಿನ ಅಂಚಿಗೆ ತುಂಬಿಬಿಡುತ್ತಾನೆ.

ಈ 2000, 3000 ಎಂಬ ಅಂಕಿಗಳು ಹಳೆಯ 35 ಎಂಎಂ ಫಿಲ್ಮ್ ಕ್ಯಾಮೆರಾಕ್ಕೆ ಹೋಲಿಸಿ ಹೇಳುವಂಥವು. ಪಿ900ರ ಲೆನ್ಸ್ ನಿಜಕ್ಕೂ 357 ಎಂಎಂ, ಪಿ1000ರದ್ದು 539. ಸೆನ್ಸರ್ ತೀರಾ ಚಿಕ್ಕದಾಗಿರುವುದರಿಂದ ನೋಟ ಅಷ್ಟು ಕಿರಿದಾಗಿ ದೂರದ್ದು ಹತ್ತಿರ ಕಾಣುತ್ತದೆ. ಎಷ್ಟು ಚಿಕ್ಕದು? ಸುಮಾರು 6.2 ಮಿ.ಮೀ. ಅಗಲ, 4.6 ಮಿ.ಮೀ. ಎತ್ತರ. ನಮ್ಮ ಹೊಲದ ತೊಗರಿ ಕಾಳಿನಷ್ಟು. ಒಂದು ಲಕ್ಷದೊಳಗೆ ಸಿಗುವ ಬಹುತೇಕ ಮಿರರ್‌ಲೆಸ್‌ಗಳ ಸೆನ್ಸರ್ ಹೆಚ್ಚುಕಡಿಮೆ ಒಂದು ಸಣ್ಣ ಅಂಚೆಚೀಟಿ, ಸುಮಾರು 22 ಮಿ.ಮೀ. ಅಗಲ, 15 ಮಿ.ಮೀ. ಎತ್ತರ. ಅಂದರೆ ಹನ್ನೆರಡು ಪಟ್ಟು ದೊಡ್ಡದು.

ಇಷ್ಟು ಹೇಳಿದ ಮೇಲೆ ಎಲ್ಲರೂ "ಹಂಗಾದ್ರ ಮಿರರ್‌ಲೆಸ್ಸೇ ಛಲೋ ಬಿಡ್ರಿ" ಅನ್ನುತ್ತಾರೆ. ಅಂಗಡಿಯವರೂ ಇದನ್ನೇ ಹೇಳುತ್ತಾರೆ. ಇಲ್ಲಿ ಸ್ವಲ್ಪ ನಿಲ್ಲಿ. ನಾನು ತಿಳಿದುಕೊಳ್ಳಲು ವರ್ಷಗಳೇ ಹಿಡಿದ ಒಂದು ಸಣ್ಣ ಲೆಕ್ಕ ಇದೆ. ಆರನೇ ಕ್ಲಾಸಿನ ಮಕ್ಕಳೂ ಮಾಡಬಹುದು.

ಲೆನ್ಸಿನ ನಿಜವಾದ ಎಂಎಂ ಅನ್ನು ಅದರ ಎಫ್ ಅಂಕಿಯಿಂದ (ಲೆನ್ಸಿನ ಮೇಲೆ ಬರೆದಿರುತ್ತದೆ, ಚಿಕ್ಕದಿದ್ದಷ್ಟೂ ಬೆಳಕು ಜಾಸ್ತಿ) ಭಾಗಿಸಿ. ಬರುವುದು ಬೆಳಕು ಒಳಗೆ ಹೋಗುವ ಕಿಂಡಿಯ ಅಗಲ. ಪಿ900: 357 ಭಾಗಿಸು 6.5, ಅಂದರೆ 55 ಮಿ.ಮೀ. ಪಿ1000: 539 ಭಾಗಿಸು 8, ಅಂದರೆ 67 ಮಿ.ಮೀ. ಈಗ ಮಿರರ್‌ಲೆಸ್‌ಗೆ ಬನ್ನಿ. ಕ್ಯಾನನ್ನಿನ ಹಗುರವಾದ 100-400 ಲೆನ್ಸ್ 400ರ ತುದಿಯಲ್ಲಿ ಎಫ್ 8. ಕಿಂಡಿ 50 ಮಿ.ಮೀ. ದೂರದ ಕರಡಿಯ ಮೈಯಿಂದ ಹೊರಟ ಬೆಳಕು ಎಷ್ಟು ಒಳಗೆ ಬಂತು ಎನ್ನುವುದನ್ನು ತೀರ್ಮಾನಿಸುವುದು ಈ ಕಿಂಡಿ. ಆ ಲೆಕ್ಕದಲ್ಲಿ "ಆಟಿಕೆ" ಅಂತ ಜನ ಮೂಗು ಮುರಿಯುವ ಸೂಪರ್‌ಜೂಮ್ ಇಲ್ಲಿ ಒಂದು ಕೈ ಮೇಲೆಯೇ ಇದೆ.

ಈಗ ಇದನ್ನೇ ತಿರುಗಿಸಿ ನೋಡಿ. ಹತ್ತಿರದ ಮನುಷ್ಯರ ಮುಖ ತೆಗೆಯಬೇಕು ಅನ್ನಿ. ಮಿರರ್‌ಲೆಸ್‌ಗೆ 50 ಎಂಎಂ ಎಫ್ 1.8 ಲೆನ್ಸ್ ಹಾಕಿದರೆ ಕಿಂಡಿ 28 ಮಿ.ಮೀ. ಅಷ್ಟೇ ನೋಟಕ್ಕೆ ಜೂಮ್ ಇಟ್ಟಾಗ ಸೂಪರ್‌ಜೂಮಿನ ಕಿಂಡಿ ಸುಮಾರು 4 ಮಿ.ಮೀ. ಬೆಳಕು ಹೆಚ್ಚುಕಡಿಮೆ ಐವತ್ತು ಪಟ್ಟು ಕಡಿಮೆ! ಅದೇ ಕ್ಯಾಮೆರಾ ದೂರಕ್ಕೆ ಹುಲಿ, ಹತ್ತಿರದ ಕತ್ತಲಿಗೆ ಕುರುಡು.

ಅದಕ್ಕೇ ಯಾರು ಕೇಳಿದರೂ ನಾನು ಎರಡು ಪ್ರಶ್ನೆ ವಾಪಸ್ ಕೇಳುತ್ತೇನೆ. ನಿಮಗೆ ಬೇಕಾದದ್ದು ಎಷ್ಟು ದೂರದಲ್ಲಿ ನಿಂತಿರುತ್ತದೆ? ಯಾವ ಹೊತ್ತಿನಲ್ಲಿ ಬರುತ್ತದೆ?

ನನ್ನ ಬಳಿ ಈಗ ಎರಡೂ ಇವೆ. ಆರು ವರ್ಷ ಸೂಪರ್‌ಜೂಮ್ ಒಂದೇ ಇತ್ತು, ಆಮೇಲೆ ಮಿರರ್‌ಲೆಸ್ ಮತ್ತು 100-400 ಕೊಂಡೆ. ಒಂದು ಸಂಜೆ ಎರಡನ್ನೂ ದರೋಜಿಗೆ ಒಯ್ದಿದ್ದೆ. ಐದೂವರೆವರೆಗೆ ಬಿಸಿಲು ಬಂಡೆಯ ಮೇಲೆ ಇತ್ತು. ಅಷ್ಟೂ ಹೊತ್ತು ಸೂಪರ್‌ಜೂಮಿನ ಚಿತ್ರವೇ ಚೆಂದ. ಕರಡಿಯ ಮೂತಿಯ ಮೇಲಿನ ಧೂಳು, ಎದೆಯ ಮೇಲಿನ ಬಿಳಿ ಗುರುತು, ಉದ್ದ ಉಗುರು, ಎಲ್ಲವೂ ಕಂಡವು. ಮಿರರ್‌ಲೆಸ್ಸಿನಲ್ಲಿ ಕರಡಿ ಚಿಕ್ಕದು. ಕತ್ತರಿಸಿ ದೊಡ್ಡದು ಮಾಡಿದರೆ ಕೂದಲೆಲ್ಲ ಒಂದಕ್ಕೊಂದು ಅಂಟಿಕೊಂಡವು. ಬಿಸಿಲು ಗುಡ್ಡದ ಹಿಂದೆ ಸರಿದ ಮೇಲೆ ಆಟವೇ ಬದಲಾಯಿತು. ಸೂಪರ್‌ಜೂಮ್ ಫೋಕಸ್ ಹುಡುಕುತ್ತಾ ಹಿಂದೆ ಮುಂದೆ ಓಡಾಡತೊಡಗಿತು. ಮಿರರ್‌ಲೆಸ್ ತಕ್ಷಣ ಹಿಡಿಯಿತು. ಆದರೆ ಚಿತ್ರದ ಗುಣ ಕೇಳಿದರೆ, ಆ ಮಬ್ಬಿನಲ್ಲಿ ಎರಡೂ ಸೋತವು ಅಂತಲೇ ಹೇಳಬೇಕು. ಆ ಹೊತ್ತನ್ನು ಗೆಲ್ಲಲು 600 ಎಂಎಂ ಎಫ್ 6.3ರಂಥ ಲೆನ್ಸ್ ಬೇಕು. ಅದರ ಕಿಂಡಿ 95 ಮಿ.ಮೀ. ಸೋನಿಯ 200-600 ಲೆನ್ಸೊಂದೇ ತೂಕದಲ್ಲಿ ಎರಡು ಕಿಲೋ ಮೀರುತ್ತದೆ. ಈ ಜಾತಿಯ ಲೆನ್ಸಿನ ಬೆಲೆ ಲಕ್ಷ ದಾಟುತ್ತದೆ, ಕ್ಯಾಮೆರಾದ ದುಡ್ಡು ಬೇರೆ.

ನನಗೆ ಬೇಸರ ಆಗುವುದು ಇಲ್ಲೇ. ಮಸ್ಕಿ ಕಡೆಯ ಗೆಳೆಯರೊಬ್ಬರು ಪಕ್ಷಿ ತೆಗೆಯಬೇಕು ಅಂತ ಅಂಗಡಿಗೆ ಹೋದರು. "ಇದು ಪ್ರೊಫೆಷನಲ್" ಅಂತ ಹೇಳಿ ಅವರಿಗೆ ಮಿರರ್‌ಲೆಸ್ ಕೊಟ್ಟರು, ಜೊತೆಗೆ 18-45ರ ಚಿಕ್ಕ ಲೆನ್ಸ್. ಸೂಪರ್‌ಜೂಮಿನ ಭಾಷೆಯಲ್ಲಿ ಅದು ಬರೀ 72 ಎಂಎಂ. 2000ದ ಮುಂದೆ 72! ಕೆರೆ ದಂಡೆಗೆ ಹೋದರೆ ಬೆಳ್ಳಕ್ಕಿ ಅನ್ನೋದು ಹಾಳೆಯ ಮೇಲೆ ಬಿದ್ದ ಸುಣ್ಣದ ಹನಿ. ಮುಂದಿನ ಲೆನ್ಸಿಗೆ ದುಡ್ಡಿಲ್ಲ. ಆ ಕ್ಯಾಮೆರಾ ಎರಡು ವರ್ಷದಿಂದ ಅಲಮಾರಿನಲ್ಲಿದೆ. ಅವರಿಗೆ ಪಕ್ಷಿಗಳ ಮೇಲೆ ಎಷ್ಟು ಪ್ರೀತಿ ಅಂತ ನನಗೆ ಗೊತ್ತು, ಅದಕ್ಕೇ ಹೊಟ್ಟೆ ಉರಿಯುತ್ತದೆ. ಮಿರರ್‌ಲೆಸ್ ಕೊಳ್ಳುವಾಗ ಅದು ಅರ್ಧ ಸಾಮಾನು ಅಂತ ತಿಳಿದೇ ಕೊಳ್ಳಬೇಕು. ಇನ್ನರ್ಧ ಲೆನ್ಸ್. ಆ ಲೆನ್ಸಿನ ದುಡ್ಡು ಮೊದಲು ಎತ್ತಿಡಿ, ಉಳಿದದ್ದರಲ್ಲಿ ಬಾಡಿ, ಅಂದರೆ ಲೆನ್ಸಿಲ್ಲದ ಬರೀ ಕ್ಯಾಮೆರಾ, ನೋಡಿ.

ಹಾಗಾದರೆ ಮಿರರ್‌ಲೆಸ್ ಯಾರಿಗೆ? ಕೊಪ್ಪಳದ ಗವಿಮಠದ ಜಾತ್ರೆ ನೆನಪು ಮಾಡಿಕೊಳ್ಳಿ. ತೇರು ಎಳೆಯುವುದು ಸಂಜೆ. ಜನಸಾಗರ, ಮೇಲಿಂದ ಬೀಳುವ ಉತ್ತತ್ತಿ, ಎತ್ತಿದ ಕೈಗಳು, ಕತ್ತಲಾಗುತ್ತಿದ್ದಂತೆ ಹತ್ತುವ ದೀಪ. ಯಾವುದೂ ದೂರ ಇಲ್ಲ, ಎಲ್ಲವೂ ಕೈಗೆಟಕುವಷ್ಟು ಹತ್ತಿರ, ಎಲ್ಲವೂ ಅಲ್ಲಾಡುತ್ತಿರುತ್ತದೆ. ಸೂಪರ್‌ಜೂಮ್ ಒಯ್ದ ವರ್ಷ ನನಗೆ ಸಿಕ್ಕಿದ್ದು ಮಸಿ ಬಳಿದಂಥ ಮುಖಗಳು. 50ರ ಲೆನ್ಸ್ ಒಯ್ದ ವರ್ಷ ದಾಸೋಹದಲ್ಲಿ ರೊಟ್ಟಿ ಹಂಚುವ ಅಜ್ಜಿಯ ಕಣ್ಣು ಸಿಕ್ಕಿತು. ಆ ಚಿತ್ರ ಈಗಲೂ ನನ್ನ ಮನೆಯ ಗೋಡೆಯ ಮೇಲಿದೆ. ಮನೆ, ಮಕ್ಕಳು, ಮದುವೆ, ತೇರು, ಇಟಗಿಯ ಮಹಾದೇವ ಗುಡಿಯ ಒಳಗಿನ ಕತ್ತಲು, ಇವು ನಿಮ್ಮ ಪ್ರೀತಿಯಾದರೆ ಯೋಚನೆಯೇ ಬೇಡ, ಮಿರರ್‌ಲೆಸ್.

ಹಾರುವ ಹಕ್ಕಿಗೂ ಅದೇ. ಕ್ಯಾನನ್ ಆರ್50, ಆರ್10ರಂಥವು ಹಕ್ಕಿಯನ್ನು ತಾವೇ ಗುರುತಿಸಿ ಫೋಕಸ್ ಬಿಡದೆ ಹಿಂಬಾಲಿಸುತ್ತವೆ. ಚಿಕ್ಕ ಸೆನ್ಸರಿನ ಸೂಪರ್‌ಜೂಮ್‌ಗಳಿಗೆ ಇದು ಕಷ್ಟ. ಪಿ900 ಒಂದು ಸೆಕೆಂಡಿಗೆ ಏಳು ಚಿತ್ರ ಹೊಡೆಯುತ್ತದೆ, ಆಮೇಲೆ ಕಾರ್ಡಿಗೆ ಬರೆದು ಮುಗಿಯುವವರೆಗೆ ಕಾಯಬೇಕು. ಅಷ್ಟರಲ್ಲಿ ಹಕ್ಕಿ ಆಚೆ ದಂಡೆಯಲ್ಲಿರುತ್ತದೆ. ಕೂತ ಹಕ್ಕಿಗೆ ಈ ತೊಂದರೆ ಇಲ್ಲ. ತಂತಿಯ ಮೇಲಿನ ನೀಲಕಂಠ, ಕಾಲುವೆ ಪಕ್ಕದ ಮಿಂಚುಳ್ಳಿ, ಇವಕ್ಕೆಲ್ಲ ಸೂಪರ್‌ಜೂಮ್ ಧಾರಾಳ ಸಾಕು. ಜೂಮಿನಲ್ಲಿ ಹಕ್ಕಿ ಕಳೆದುಹೋದರೆ ಗಾಬರಿ ಬೇಡ. ನಿಕಾನ್‌ಗಳಲ್ಲಿ ಲೆನ್ಸಿನ ಪಕ್ಕ ಒಂದು ಗುಂಡಿ ಇದೆ. ಒತ್ತಿ ಹಿಡಿದರೆ ನೋಟ ಅಗಲವಾಗುತ್ತದೆ, ಹಕ್ಕಿ ಸಿಕ್ಕ ಮೇಲೆ ಬಿಟ್ಟರೆ ಮತ್ತೆ ಅಲ್ಲಿಗೇ ಹೋಗುತ್ತದೆ. ಈ ಗುಂಡಿ ಗೊತ್ತಿಲ್ಲದೆ ಬೇಸತ್ತು ಕ್ಯಾಮೆರಾ ಮಾರಲು ಹೊರಟವರನ್ನು ನೋಡಿದ್ದೇನೆ.

ನಮ್ಮ ಸೀಮೆಗೆ ಮಾತ್ರ ಸೇರಿದ ಎರಡು ಮಾತು ಹೇಳಲೇಬೇಕು, ಯಾಕೆಂದರೆ ಬೇರೆ ಊರಿನವರ ವಿಮರ್ಶೆಗಳಲ್ಲಿ ಇವು ಇರುವುದಿಲ್ಲ.

ಒಂದು, ಬಿಸಿಲು. ಫೆಬ್ರವರಿ ಮುಗಿಯುತ್ತಿದ್ದಂತೆ ಬೆಳಿಗ್ಗೆ ಹತ್ತಾದರೆ ಸಾಕು, ಬಂಡೆಯ ಮೇಲಿನ ಗಾಳಿ ಕುದಿಯುವ ನೀರಿನಂತೆ ಅಲ್ಲಾಡುತ್ತದೆ. ಬಿಸಿಲುಗುದುರೆ ಅನ್ನುತ್ತೇವಲ್ಲ, ಅದರ ತಮ್ಮ ಇದು. ಮುನಿರಾಬಾದಿನ ಹಿನ್ನೀರಿನಲ್ಲಿ ಒಮ್ಮೆ ರಾಜಹಂಸಗಳ ಹಿಂಡು ದೂರ ಕೂತಿತ್ತು. ಜೂಮ್ ಪೂರ್ತಿ ಚಾಚಿ ನೂರಾರು ಚಿತ್ರ ತೆಗೆದೆ. ಒಂದರಲ್ಲೂ ಕಾಲು ನೆಟ್ಟಗಿಲ್ಲ, ಎಲ್ಲ ನೀರಿನಲ್ಲಿ ಕಲಸಿದ ಬಣ್ಣ. ಕ್ಯಾಮೆರಾ ಕೆಟ್ಟಿತೇನೋ ಅಂದುಕೊಂಡೆ. ಮಾರನೇ ದಿನ ಸೂರ್ಯ ಹುಟ್ಟುವ ಹೊತ್ತಿಗೆ ಹೋದೆ. ಅದೇ ಕ್ಯಾಮೆರಾ, ಅದೇ ದೂರ, ಗರಿ ಗರಿ ಬೇರೆಯಾಗಿ ಬಂತು. ಐದು ಲಕ್ಷದ ಲೆನ್ಸ್ ಇದ್ದರೂ ಹನ್ನೆರಡು ಗಂಟೆಯ ಬಿಸಿ ಗಾಳಿಯನ್ನು ಸೀಳಲಾಗದು. 3000 ಎಂಎಂ ಅಂಕಿಗೆ ಮರುಳಾಗುವ ಮೊದಲು ಬೆಳಿಗ್ಗೆ ಬೇಗ ಏಳುವ ಅಭ್ಯಾಸ ಮಾಡಿಕೊಳ್ಳಿ. ನೀರುನಾಯಿ ನೋಡಬೇಕಾದರೂ ಅದೇ ಹೊತ್ತು ಒಳ್ಳೆಯದು. ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿ.ಮೀ. ನದಿಯನ್ನು 2015ರಲ್ಲಿ ಅವುಗಳಿಗಾಗಿಯೇ ಮೀಸಲು ಮಾಡಿದ್ದಾರೆ, ನಮ್ಮ ಪಾಲಿಗೆ ಅದು ದೊಡ್ಡ ಭಾಗ್ಯ.

ಇನ್ನೊಂದು, ಧೂಳು. ಸಂಡೂರು ಕಡೆ ಅದಿರಿನ ಕೆಂಪು ಧೂಳು, ನಮ್ಮ ಕಡೆ ಎರೆ ಹೊಲದ ಕಪ್ಪು ಧೂಳು. ಮಿರರ್‌ಲೆಸ್‌ನ ಲೆನ್ಸ್ ಬಯಲಲ್ಲಿ ಬಿಚ್ಚಿದರೆ ಸೆನ್ಸರಿಗೆ ನೇರವಾಗಿ ಕೂರುತ್ತದೆ, ಆದರೆ ಅದನ್ನು ಒರೆಸಬಹುದು. ಸೂಪರ್‌ಜೂಮ್ ಕೊಳವೆ ಚಾಚಿ ಎಳೆದುಕೊಳ್ಳುವಾಗ ತಿದಿಯ ಹಾಗೆ ಗಾಳಿ ಎಳೆಯುತ್ತದೆ. ಒಮ್ಮೆ ಒಳಗೆ ಹೋದ ಧೂಳನ್ನು ಮನೆಯಲ್ಲಿ ತೆಗೆಯಲು ಆಗುವುದಿಲ್ಲ. ಲಾರಿ ಓಡಾಡುವ ರಸ್ತೆ ಪಕ್ಕ ಯಾವುದನ್ನೂ ಹೊರಗೆ ತೆಗೆಯಬೇಡಿ. ಚೀಲದಲ್ಲಿ ಒಂದು ಹಳೆಯ ಹತ್ತಿ ಪಂಚೆ ಇರಲಿ, ಗಾಳಿ ಬೀಸಿದರೆ ಸುತ್ತಿಬಿಡಿ.

ಇನ್ನು ಕಿಸೆಯ ಮಾತು. ದೂರದ ಪ್ರಾಣಿ, ಕೂತ ಹಕ್ಕಿ, ಚಂದ್ರ, ಹಗಲು ಬೆಳಕು, ಒಂದೇ ಸಲ ದುಡ್ಡು ಹಾಕಿ ಮುಗಿಸಬೇಕು ಅನ್ನುವವರಿಗೆ ನನ್ನ ಉತ್ತರ ಪಿ950. ಅದರಲ್ಲಿ ಪಿ900ರಲ್ಲಿ ಇಲ್ಲದ ರಾ ಫೈಲ್ (ಆಮೇಲೆ ತಿದ್ದಲು ಅನುಕೂಲವಾಗುವ ಕಚ್ಚಾ ಚಿತ್ರ) ಇದೆ, ತೂಕ ಒಂದು ಕಿಲೋ. ಪಿ1000 ತೆಗೆದುಕೊಂಡು ಸುಮಾರು ಒಂದೂವರೆ ಕಿಲೋ ಹೊರಬೇಡಿ, ಆ ಹೆಚ್ಚಿನ ಜೂಮ್ ನಮ್ಮ ಬಿಸಿಲಲ್ಲಿ ವರ್ಷಕ್ಕೆ ಹತ್ತು ಬೆಳಿಗ್ಗೆ ಉಪಯೋಗಕ್ಕೆ ಬಂದರೆ ಜಾಸ್ತಿ. ಜನ, ಜಾತ್ರೆ, ಮನೆ ಅನ್ನುವವರಿಗೆ ಯಾವುದಾದರೂ ಚಿಕ್ಕ ಮಿರರ್‌ಲೆಸ್ ಮತ್ತು ಒಂದು 50 ಎಫ್ 1.8. ಎರಡೂ ಬೇಕು ಅನ್ನುವವರು ಸುಮ್ನೆ ಎಲ್ಲ ಒಟ್ಟಿಗೆ ಕೊಳ್ಳಬೇಡಿ. ಒಂದು ವರ್ಷ ಒಂದರಲ್ಲೇ ತೆಗೆಯಿರಿ. ನಿಮ್ಮ ಚಿತ್ರಗಳಲ್ಲಿ ಯಾವುದು ಜಾಸ್ತಿ ಹಾಳಾಗಿದೆ, ಕತ್ತಲಲ್ಲಿ ತೆಗೆದದ್ದೋ ದೂರದ್ದೋ ಅಂತ ಎಣಿಸಿ ನೋಡಿ.

ಒಂದು ಬೇಡಿಕೆಯೂ ಇದೆ. ಯಾವ ಕ್ಯಾಮೆರಾ ಇದ್ದರೂ ಗೂಡಿನ ಹತ್ತಿರ ಹೋಗಬೇಡಿ. ನಮ್ಮ ಗಂಗಾವತಿ ಬಳಿಯ ಬಂಕಾಪುರದ ತೋಳಗಳ ಹಿಂದೆ ಬೈಕ್ ಓಡಿಸಬೇಡಿ. ಸೂಪರ್‌ಜೂಮನ್ನು ನಾನು ಇಷ್ಟು ಪ್ರೀತಿಸಲು ದೊಡ್ಡ ಕಾರಣವೇ ಇದು. ಅದು ನನ್ನನ್ನು ದೂರದಲ್ಲೇ ಕೂರಿಸಿತು. ನಾನು ಅಲ್ಲಿ ಇಲ್ಲ ಅಂತ ತಿಳಿದು ಪ್ರಾಣಿಗಳು ತಮ್ಮ ಪಾಡಿಗೆ ಇದ್ದವು.

ಸಿರುಗುಪ್ಪದ ಹುಡುಗನಿಗೂ ಗೋಪುರ ಇಳಿಯುವಾಗ ಅವೇ ಎರಡು ಪ್ರಶ್ನೆ ಕೇಳಿದ್ದೆ. "ಜಾತ್ರಿ ಫೋಟೋ ನಮ್ಮ ಅಣ್ಣ ತೆಗೀತಾನ್ರಿ. ನನಗ ಕರಡಿ ಬೇಕ್ರಿ" ಅಂದಿದ್ದ. ಮಾರ್ಚ್ ಕೊನೆಗೆ ಅವನಿಂದ ಒಂದು ಚಿತ್ರ ಬಂತು. ಸಂಜೆಯ ಬೆಳಕು, ಸ್ವಲ್ಪ ಕಾಳು ಕಾಳು, ಅಂಚು ಮೆತ್ತಗೆ. ತಾಯಿ ಕರಡಿ ಬಂಡೆ ಇಳಿಯುತ್ತಿದೆ, ಬೆನ್ನ ಮೇಲೆ ಕರಿ ಉಣ್ಣೆಯ ಗಂಟು. ಕೆಳಗೆ ಬರೆದಿದ್ದ: "ಸರ, ದೊಡ್ಡದು ಮಾಡಿ ನೋಡ್ರಿ. ಒಂದಲ್ಲ, ಎರಡು ಮರಿ ಅದಾವು."